ಕನ್ನಡ ಬ್ರೌಸರಿಗೆ ಇನ್ನೊಬ್ಬರು ಬೇಕಾಗಿದ್ದಾರೆ

ಗ್ರಾಮ ಗಣಕ ಕೇಂದ್ರಗಳ ವಿಭಾಗೀಯ ಮುಖ್ಯ ಅಧಿಕಾರಿಗಳಿಗೆ,
ಶ್ರೀರಂಗಪಟ್ಟಣ

ಮಾನ್ಯರೇ,

ಕಳೆದ ತಿಂಗಳು ನೀವು ಹೊರಡಿಸಿದ ಸುತ್ತೋಲೆ ನಮ್ಮ ಹೊಣಕೆರೆ ಕೇಂದ್ರದ ಬಾಗಿಲಿಗೂ ಬಂದು ಅಂಟಿಕೊಂಡಿದೆ. ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕುಗಳ ಕೇಂದ್ರಗಳಲ್ಲಿ ಬ್ರೌಸರಿನ ಕನ್ನಡ ಪ್ಯಾಕೇಜು ಪದೇ ಪದೇ ತೊಂದರೆ ಕೊಡುತ್ತಿರುವುದರಿಂದ ಅದನ್ನು ತೆಗೆದುಹಾಕಿ ಇಂಗ್ಲಿಷನ್ನು ಅಳವಡಿಸತಕ್ಕದ್ದು ಎಂದು ಅದರಲ್ಲಿದೆ. ಸುತ್ತೋಲೆ ಮಾತ್ರ ಅಚ್ಚ ಕನ್ನಡದಲ್ಲಿದೆ, ಸಂತೋಷ. ತೊಂದರೆ ಇರುವುದೂ ನಿಜ. ಅದನ್ನು ನಿಮಗೆ ಏಳು ಪತ್ರ ಬರೆದು ತಿಳಿಸಿದವಳೇ ನಾನು. ಅದಕ್ಕೆ ತಿದ್ದುಪಡಿ ಕೂಡ ತಯಾರಾಗಿದೆ. ಎರಡೇ ಸಾಲು. ಐದು ತಿಂಗಳಿಂದ ನನ್ನ ಲ್ಯಾಪ್‌ಟಾಪಿನಲ್ಲಿ ಕೂತಿದೆ. ಅದು ಅಲ್ಲಿಂದ ಎದ್ದು ಹೊರಗೆ ಹೋಗಬೇಕಾದರೆ ಕನ್ನಡ ಓದಲು ಬರುವ ಇನ್ನೊಬ್ಬರು ಹತ್ತು ನಿಮಿಷ ಪರದೆಯ ಮುಂದೆ ಕೂತು, ನೋಡಿ, ಸರಿಯಾಗಿದೆ ಅಥವಾ ಸರಿಯಾಗಿಲ್ಲ ಎಂದು ಹೇಳಬೇಕು. ಅಂಥ ಒಬ್ಬರನ್ನು ಕೊಡಿ ಎಂದು ನಾನು ಕೇಳಿದೆ. ‘ಸದರಿ ಪ್ಯಾಕೇಜಿನಲ್ಲಿ ಈಗಾಗಲೇ ಇಬ್ಬರು ಕಾರ್ಯನಿರ್ವಹಿಸುತ್ತಿರುವುದು ದಾಖಲೆಗಳಿಂದ ದೃಢಪಟ್ಟಿರುವುದರಿಂದ ಹೆಚ್ಚುವರಿ ವ್ಯಕ್ತಿಯ ಅವಶ್ಯಕತೆ ಕಂಡುಬಂದಿರುವುದಿಲ್ಲ’ ಎಂದು ನಿಮ್ಮ ಕಚೇರಿ ಉತ್ತರಿಸಿತು. ಆ ಇಬ್ಬರ ವಿಷಯ ಹೇಳಲೆಂದೇ ಈ ಪತ್ರವನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ. ನಿಮ್ಮೊಬ್ಬರಿಗೇ ಬರೆದ ಪತ್ರಗಳ ಗತಿ ಏನಾಗುತ್ತದೆ ಎಂಬುದು ನನಗೆ ಅನುಭವದಿಂದ ದೃಢಪಟ್ಟಿದೆ.

ಮೊದಲು ನಾನು ಯಾರು ಎಂದು ಹೇಳಿಬಿಡುತ್ತೇನೆ. ನಾನು ಎಂಜಿನಿಯರಲ್ಲ. ಹೊಣಕೆರೆ ಪಕ್ಕದ ಊರಿನ ಹಾಲಿನ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವಳು. ಬೆಳಿಗ್ಗೆ ಆರರಿಂದ ಎಂಟೂವರೆ, ಸಾಯಂಕಾಲ ಐದರಿಂದ ಏಳು ನನ್ನ ಕೆಲಸ. ನಡುವಿನ ಇಡೀ ಹಗಲು ನನ್ನದು. ಮೂವತ್ತೆಂಟು ವರ್ಷ, ಮದುವೆಯಾಗಿಲ್ಲ, ಯಾಕೆ ಆಗಿಲ್ಲ ಎಂದು ಕೇಳುವವರೂ ಈಚೆಗೆ ಕಡಿಮೆಯಾಗಿದ್ದಾರೆ. ಮನೆಯಲ್ಲಿ ನಾನು, ಅವ್ವ, ಎರಡು ಹಸು. ಅವ್ವ ಮಧ್ಯಾಹ್ನ ಊಟ ಮಾಡಿ ಮಲಗಿದರೆ ನಾಲ್ಕು ಗಂಟೆಯವರೆಗೆ ಮನೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಇನ್ನೊಂದಿಲ್ಲ. ಆ ಹೊತ್ತಿನಲ್ಲಿ ಮಾಡಲು ನನಗೆ ಒಂದು ಕೆಲಸ ಬೇಕಾಗಿತ್ತು. ನಿಮ್ಮ ಕೇಂದ್ರಗಳಲ್ಲಿರುವುದು ಮುಕ್ತ ತಂತ್ರಾಂಶದ ಬ್ರೌಸರು. ಅದು ಯಾರೊಬ್ಬರ ಸ್ವಂತದ್ದೂ ಅಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಬಹುದು, ರಿಪೇರಿ ಮಾಡಬಹುದು. ಅದು ಪರದೆಯ ಮೇಲೆ ಆಡುವ ಮಾತುಗಳನ್ನೆಲ್ಲ, ‘ಹಿಂದೆ ಹೋಗಿ’, ‘ಉಳಿಸಿ’, ‘ಮುಚ್ಚಲೇ?’ ಇಂಥವನ್ನು, ಒಂದೊಂದು ಭಾಷೆಗೆ ಒಂದೊಂದು ಪ್ಯಾಕೇಜು ಎಂದು ಕಟ್ಟಿಡುತ್ತಾರೆ. ಕನ್ನಡದ ಪ್ಯಾಕೇಜನ್ನು ಐದು ವರ್ಷಗಳಿಂದ ನೋಡಿಕೊಳ್ಳುತ್ತಿರುವವಳು ನಾನು. ಸಂಬಳ ಇಲ್ಲ, ನಾನು ಕೇಳಿಯೂ ಇಲ್ಲ.

ಈ ಕೆಲಸಕ್ಕೆ ಒಂದು ಕಟ್ಟುನಿಟ್ಟಾದ ನಿಯಮವಿದೆ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕು. ಒಪ್ಪದೆ ಒಂದು ಅಕ್ಷರವೂ ಯಾರ ಕಂಪ್ಯೂಟರಿಗೂ ಹೋಗುವುದಿಲ್ಲ. ನನಗೆ ಇದು ಹೊಸದೇನೂ ಅಲ್ಲ. ನಮ್ಮ ಡೈರಿಯಲ್ಲಿ ಹಾಲು ಪರೀಕ್ಷೆ ಮಾಡುವವರು ತಮ್ಮ ಮನೆಯ ಹಾಲನ್ನು ತಾವೇ ಪರೀಕ್ಷೆ ಮಾಡುವ ರೂಢಿಯಿಲ್ಲ. ನಮ್ಮ ಮನೆಯ ಕ್ಯಾನು ಬಂದ ಕೂಡಲೇ ನಾನು ಎದ್ದು ಗೋಡೆಯ ಪಕ್ಕ ನಿಲ್ಲುತ್ತೇನೆ. ಸಾಲಿನಲ್ಲಿ ಹಿಂದೆ ನಿಂತವರು ಬಂದು ಮೆಷೀನಿನ ಮುಂದೆ ಕೂತು ಫ್ಯಾಟು ಎಷ್ಟು ಬಂತು ಎಂದು ಗಟ್ಟಿಯಾಗಿ ಓದುತ್ತಾರೆ. ಯಾರೂ ಯಾರನ್ನೂ ಕಳ್ಳರು ಎನ್ನುತ್ತಿಲ್ಲ. ಹನ್ನೆರಡು ವರ್ಷಗಳಿಂದ ದಿನಕ್ಕೆ ಎರಡು ಸಲ ಹೀಗೆ ಎದ್ದು ನಿಂತಿದ್ದೇನೆ. ಇದನ್ನು ಹೇಳುತ್ತಿರುವುದು ಯಾಕೆ ಎಂದರೆ, ನನಗೆ ಗೊತ್ತಿಲ್ಲದೆ ತಪ್ಪಾಯಿತು ಎಂದು ಮುಂದೆ ನಾನು ಹೇಳುವಂತಿಲ್ಲ.

ಮೊದಲ ಎರಡು ವರ್ಷ ನನಗೊಬ್ಬರು ಜೊತೆಗಿದ್ದರು. ಚೈತನ್ಯ ಎಂದು ಹೆಸರು, ಕೆ.ಆರ್. ಪೇಟೆಯಲ್ಲಿ ಕಾಲೇಜು ಉಪನ್ಯಾಸಕಿ. ನಾನು ಬರೆದದ್ದನ್ನು ಆಕೆ ನೋಡುತ್ತಿದ್ದರು, ಆಕೆ ಬರೆದದ್ದನ್ನು ನಾನು. ಆಕೆಯ ಹತ್ತಿರ ಇದ್ದದ್ದು ಒಂದು ಹಳೆಯ ಚಿಕ್ಕ ಲ್ಯಾಪ್‌ಟಾಪು, ಪರದೆ ಒಂದು ಪುಸ್ತಕದಷ್ಟು. ನನ್ನ ದೊಡ್ಡ ಪರದೆಯಲ್ಲಿ ಚೆನ್ನಾಗಿ ಕಂಡದ್ದು ಆಕೆಯ ಪರದೆಯಲ್ಲಿ ಅರ್ಧಕ್ಕೆ ಕತ್ತರಿಸಿಹೋಗುತ್ತಿತ್ತು. ‘ಶ್ವೇತ, ನಿಮ್ಮ ವಾಕ್ಯ ನಮ್ಮ ಮನೆ ಗೋಡೆ ದಾಟಿ ಹೋಯ್ತು’ ಎಂದು ಬರೆಯುತ್ತಿದ್ದರು. ನನಗೆ ಸಿಟ್ಟು ಬರುತ್ತಿತ್ತು, ಆದರೂ ವಾಕ್ಯವನ್ನು ಮೊಟಕು ಮಾಡುತ್ತಿದ್ದೆ. ನಾವಿಬ್ಬರೂ ಎದುರೆದುರು ಕಂಡದ್ದು ಒಂದೇ ಸಲ, ಗೋವಿಂದನಹಳ್ಳಿಯ ದೇವಸ್ಥಾನದಲ್ಲಿ. ಆಕೆ ಅವಲಕ್ಕಿ ಕಟ್ಟಿಕೊಂಡು ಬಂದಿದ್ದರು. ಜಗಲಿಯ ಮೇಲೆ ಕೂತು ಸಾಯಂಕಾಲದವರೆಗೆ ನೂರಹತ್ತು ವಾಕ್ಯ ಮುಗಿಸಿದೆವು. ಒಂದೊಂದಕ್ಕೂ ಜಗಳ. ನನ್ನ ಬದುಕಿನಲ್ಲಿ ಅಷ್ಟು ಖುಷಿಯಾದ ದಿನ ಇನ್ನೊಂದು ನೆನಪಿಗೆ ಬರುವುದಿಲ್ಲ. ಆಮೇಲೆ ಆಕೆಗೆ ಮಗುವಾಯಿತು, ದೂರದ ಜಿಲ್ಲೆಗೆ ವರ್ಗವಾಯಿತು, ಉತ್ತರಗಳು ಮೊದಲು ತಡವಾದವು, ಕೊನೆಗೆ ನಿಂತವು. ತಪ್ಪು ಯಾರದ್ದೂ ಅಲ್ಲ. ಏಳು ತಿಂಗಳು ನಾನು ಬರೆದ ವಾಕ್ಯಗಳ ಮುಂದೆಲ್ಲ ‘ಇನ್ನೊಬ್ಬರ ಒಪ್ಪಿಗೆಗೆ ಕಾಯುತ್ತಿದೆ’ ಎಂದು ಹಳದಿ ಬಣ್ಣದಲ್ಲಿ ತೋರಿಸುತ್ತಲೇ ಇತ್ತು. ಜಾಲತಾಣಗಳಲ್ಲಿ ಬರೆದು ಕೇಳಿದೆ. ಕನ್ನಡದ ಬಗ್ಗೆ ಅಭಿಮಾನ ಉಕ್ಕಿ ಹರಿಯಿತು, ಮುನ್ನೂರು ಜನ ಚಪ್ಪಾಳೆ ಹೊಡೆದರು. ಒಬ್ಬರೂ ಬರಲಿಲ್ಲ.

ಆಗ ಬಂದವರು ರಘುನಂದನ್. ತಮ್ಮ ಪರಿಚಯದಲ್ಲಿ ನಾಗಮಂಗಲದವರು ಎಂದು ಬರೆದುಕೊಂಡಿದ್ದರು. ಸಂಭಾವಿತ ಮನುಷ್ಯ. ನಾನು ಬರೆದದ್ದಕ್ಕೆ ಅರ್ಧ ಗಂಟೆಯೊಳಗೆ ಉತ್ತರ ಬರುತ್ತಿತ್ತು. ನನಗೆ ಬಿಡುವಿದ್ದಾಗ ಅವರಿಗೂ ಬಿಡುವಿರುತ್ತಿತ್ತು. ‘ಚೆನ್ನಾಗಿದೆ’, ‘ಈ ಪದ ಇನ್ನೂ ಸೊಗಸಾಗಬಹುದಿತ್ತು’, ‘ನಿಮ್ಮ ತಾಳ್ಮೆಗೆ ವಂದನೆ’ ಎಂದೆಲ್ಲ ಬರೆಯುತ್ತಿದ್ದರು. ಹಳದಿ ಬಣ್ಣ ಹಸಿರಾಯಿತು. ಪ್ಯಾಕೇಜು ಮತ್ತೆ ಹೊರಗೆ ಹೋಗತೊಡಗಿತು.

ನಿಮ್ಮ ಕಚೇರಿಗೆ ನಮ್ಮ ಸುದ್ದಿ ತಲುಪಿದ್ದೂ ಆಗಲೇ. ಪ್ಯಾಕೇಜಿನ ಪುಟದಲ್ಲಿ ಕೆಲಸ ಮಾಡುವವರ ಹೆಸರಿರುತ್ತದೆ, ಅದನ್ನು ನೋಡಿ ನೀವೊಂದು ಪ್ರಶಂಸಾ ಪತ್ರ ಕಳಿಸಿದಿರಿ. ‘ಶ್ರೀ ರಘುನಂದನ್ ಅವರ ಸಮರ್ಥ ನೇತೃತ್ವದಲ್ಲಿ ಹಾಗೂ ಕುಮಾರಿ ಶ್ವೇತ ಅವರ ಸಹಾಯದೊಂದಿಗೆ’ ಎಂದಿತ್ತು. ಪುಟದಲ್ಲಿ ನನ್ನ ಹೆಸರು ಮೊದಲಿತ್ತು, ಐದು ಸಾವಿರ ವಾಕ್ಯ ನನ್ನವಿದ್ದವು, ಅವರದು ಬರೀ ಒಪ್ಪಿಗೆ. ಆದರೂ ನೇತೃತ್ವ ಯಾರದಿರಬೇಕು ಎಂದು ನಿಮ್ಮ ಕಚೇರಿಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಇಬ್ಬರಿಗೂ ಸೇರಿ ಒಂದೇ ಪತ್ರ, ನನ್ನ ವಿಳಾಸಕ್ಕೆ ಬಂತು. ಪೋಸ್ಟಿನವರು ಹೆಸರನ್ನು ಗಟ್ಟಿಯಾಗಿ ಓದಿ ಹೋದರು. ಅವ್ವ ಜಗಲಿಯಿಂದ ಎದ್ದು ಬಂದಳು.

“ಯಾರವ್ವ ಈ ರಘುನಂದನ್ನು?”

“ಕೆಲಸದೋರು ಕಣವ್ವ.”

“ಯಾವೂರೋರು? ನಮ್ಮೋರಾ?”

“ನಾಗಮಂಗಲ.”

“ನಾಗಮಂಗಲದಲ್ಲಿ ಯಾರ ಮನೆ ಅಂತ ಕೇಳವ್ವ. ನಿಮ್ಮ ದೊಡ್ಡಪ್ಪಂಗೆ ಅಲ್ಲಿ ಎಲ್ರೂ ಗೊತ್ತವ್ರೆ.”

ಅವ್ವ ಅಂದು ಮಧ್ಯಾಹ್ನ ಮಲಗಲಿಲ್ಲ. ನಾನು ಲ್ಯಾಪ್‌ಟಾಪು ತೆರೆದು ಕೂತರೆ ಬಾಗಿಲಲ್ಲಿ ನಿಂತು ನೋಡಿ, ಕಾಫಿ ಇಟ್ಟು ಹೋದಳು. ಹಾಗೆ ಒಂದು ವಾರ ಕಾಫಿ ಬಂತು.

ಇನ್ನು ಪುಟ್ಟಲಕ್ಷ್ಮಮ್ಮನವರ ವಿಷಯಕ್ಕೆ ಬರುತ್ತೇನೆ. ಎಪ್ಪತ್ತರ ಹತ್ತಿರದ ಹೆಂಗಸು, ಒಂದೇ ಹಸು, ದಿನಾ ನಮ್ಮ ಡೈರಿಗೆ ಹಾಲು ತರುವವರು. ಸಕ್ಕರೆ ಕಾಯಿಲೆ. ಬಲಗಾಲಿನಲ್ಲಿ ಒಂದು ಗಾಯವಾಗಿ ಮಾಯುತ್ತಿರಲಿಲ್ಲ. ನಿಮ್ಮ ಕೇಂದ್ರಗಳಲ್ಲಿ ಗುರುವಾರ ಗುರುವಾರ ಕಂಪ್ಯೂಟರಿನಲ್ಲೇ ಡಾಕ್ಟರಿಗೆ ತೋರಿಸುವ ವ್ಯವಸ್ಥೆ ಇದೆಯಲ್ಲ, ಒಳ್ಳೆಯ ವ್ಯವಸ್ಥೆ, ಅದನ್ನು ನಂಬಿ ಆಕೆ ಹೊಣಕೆರೆಗೆ ಹೋದರು. ಕೇಂದ್ರ ನೋಡಿಕೊಳ್ಳುವ ದಿಲೀಪ್ ಚಿನಕುರಳಿಯವನು. ಒಬ್ಬನಿಗೇ ನೀವು ಐದು ಕೇಂದ್ರ ಕೊಟ್ಟಿದ್ದೀರಿ, ಗುರುವಾರ ಅವನ ಬೈಕು ಬೇರೆ ಕಡೆ ಇರುತ್ತದೆ. ಪಕ್ಕದ ಅಂಗಡಿಯವರು ಬೀಗ ತೆಗೆದು, ಪುಟ ತೆರೆದು ಕೂರಿಸಿ ಹೋಗುತ್ತಾರೆ. ಡಾಕ್ಟರ ಪುಟ ತೆರೆದಾಗ ಬ್ರೌಸರು ಎರಡು ಪ್ರಶ್ನೆ ಕೇಳುತ್ತದೆ. ನಿಮ್ಮ ಧ್ವನಿ ಕಳಿಸಲೇ ಎಂದು ಒಂದು, ಕ್ಯಾಮೆರಾ ಬಳಸಲೇ ಎಂದು ಇನ್ನೊಂದು. ಧ್ವನಿಯದು ಸರಿಯಾಗಿ ಕಂಡಿತು. ಆ ಚಿಕ್ಕ ವಾಕ್ಯವನ್ನು ಹಿಂದೆ ಚೈತನ್ಯ ನೋಡಿ ಒಪ್ಪಿದ್ದರು. ಕ್ಯಾಮೆರಾದ ಪ್ರಶ್ನೆ ಮಾತ್ರ ಎಷ್ಟು ಉದ್ದವಿತ್ತೆಂದರೆ ಪೆಟ್ಟಿಗೆ ಹಿಗ್ಗಿ ಪರದೆಯನ್ನೇ ದಾಟಿ ಹೋಗಿತ್ತು. ನೀವು ಕೊಟ್ಟಿರುವ ಹಳೆಯ ಚೌಕದ ಪರದೆಗಳಲ್ಲಿ ಎಡಗಡೆಯ ‘ನಿರಾಕರಿಸಿ’ ಎಂಬ ಬಟನ್ನು ಕಾಣುತ್ತದೆ. ಬಲಗಡೆಯ ‘ಅನುಮತಿಸಿ’ ಪರದೆಯ ಆಚೆ ಎಲ್ಲೋ ಇರುತ್ತದೆ. ಕಾಣುವುದು ಒಂದೇ ಬಟನ್ನಾದರೆ ಜನ ಅದನ್ನು ಒತ್ತದೆ ಇನ್ನೇನು ಮಾಡುತ್ತಾರೆ? ಅಂಗಡಿಯವರು ಅದನ್ನೇ ಒತ್ತಿದರು. ಡಾಕ್ಟರಿಗೆ ಮಾತು ಕೇಳಿಸಿತು, ಚಿತ್ರ ಹೋಗಲಿಲ್ಲ. ಹೀಗೆ ಮೂರು ಗುರುವಾರ.

ನಾಲ್ಕನೇ ವಾರ ಪುಟ್ಟಲಕ್ಷ್ಮಮ್ಮನ ಹಾಲನ್ನು ಪಕ್ಕದ ಮನೆಯವರು ತಂದರು. ಅದಾಗಿ ಎರಡು ವಾರಕ್ಕೆ ನಾನು ನೋಡಲು ಹೋದೆ. ಆಗಲೇ ಆಸ್ಪತ್ರೆಯಿಂದ ಮನೆಗೆ ಬಂದಿದ್ದರು, ಕಾಲಿಗೆ ದಪ್ಪ ಬ್ಯಾಂಡೇಜು. ಎರಡು ಬೆರಳು ತೆಗೆದಿದ್ದರು.

“ಡಾಕ್ಟ್ರು ಕಾಲು ತೋರ್ಸಮ್ಮ ತೋರ್ಸಮ್ಮ ಅಂತಾರೆ ಕಣವ್ವ,” ಎಂದರು. “ಕುರ್ಚಿ ಮ್ಯಾಲೆ ಕಾಲಿಟ್ಟು ಎತ್ತಿ ಎತ್ತಿ ತೋರುಸ್ದೆ. ಕಾಣಾಕಿಲ್ಲ ಅಂತಾರೆ. ಗಾಯ ನೋಡಕೆ ಏಸಿಗೆ ಪಟ್ಕಂಡು, ಮಕದ ಮ್ಯಾಲೆ ಅನ್ನಕಾಗ್ದೆ ಇಂಗಂತಾವ್ರೆ ಅನ್ಕಂಡೆ. ಅದ್ಕೇ ಮುಂದ್ಲ ವಾರ ಬಿಸ್ನೀರಲ್ಲಿ ಸೋಪಾಕಿ ಚೆನ್ನಾಗಿ ಉಜ್ಜಿ ತೊಳ್ಕಂಡು ಓದೆ. ಅವಾಗ್ಲೂ ಕಾಣಾಕಿಲ್ಲ ಅಂದ್ರು. ಅದ್ರ ಮುಂದ್ಲ ವಾರ ಇನ್ನೂ ಉಜ್ಜಿ ತೊಳ್ದೆ.”

ಗಾಯವನ್ನು ಉಜ್ಜಿ ಉಜ್ಜಿ ತೊಳೆದಿದ್ದರು, ಡಾಕ್ಟರಿಗೆ ಅಸಹ್ಯವಾಗಬಾರದು ಎಂದು. ಕ್ಯಾಮೆರಾ ಕೆಟ್ಟಿರಬಹುದು ಎಂದು ಆಕೆಗೆ ಒಂದು ಸಲವೂ ಅನ್ನಿಸಿಲ್ಲ. ನಮ್ಮ ಕಡೆಯ ಜನಕ್ಕೆ ಸರ್ಕಾರದ ಪೆಟ್ಟಿಗೆ ಕೆಲಸ ಮಾಡದಿದ್ದರೆ ತಮ್ಮ ಕೈಯೋ ಕಾಲೋ ಗಲೀಜಾಗಿರಬೇಕು ಎಂದೇ ಮೊದಲು ಅನ್ನಿಸುವುದು.

ಮಾರನೆಯ ದಿನ ಕೇಂದ್ರಕ್ಕೆ ಹೋದೆ. ದಿಲೀಪನೂ ಇದ್ದ. ಆ ಪುಟ ತೆರೆಯಲು ಹೇಳಿದೆ. “ಅಕ್ಕ, ಪಕ್ಕದಲ್ಲಿ ಇನ್ನೊಂದು ಬಟನ್ ಇರ್ಬೇಕು, ಅದು ಎಲ್ಲೋ ಒಂಟೋಗ್ಬುಟ್ಟದೆ,” ಎಂದ. ನಾನು ಪರದೆಯ ಮುಂದೆ ಕೂತು ಓದಿದೆ. ‘ಪ್ರಸ್ತುತ ಜಾಲತಾಣವು ತಮ್ಮ ಗಣಕಯಂತ್ರಕ್ಕೆ ಜೋಡಿಸಲ್ಪಟ್ಟಿರುವ ಛಾಯಾಗ್ರಾಹಕ ಸಾಧನವನ್ನು ಬಳಸಿಕೊಳ್ಳುವ ಸಲುವಾಗಿ ತಮ್ಮ ಪೂರ್ವಾನುಮತಿಯನ್ನು’ ಎಂಬಲ್ಲಿಗೆ ಪರದೆ ಮುಗಿದಿತ್ತು. ‘ಕೋರುತ್ತಿದೆ’ ಎಂಬುದು ಆಚೆ ಇತ್ತು. ಅದರ ಜೊತೆಗೇ ‘ಅನುಮತಿಸಿ’. ಆ ವಾಕ್ಯ ಬರೆದವಳು ನಾನು. ಒಪ್ಪಿದವರು ರಘುನಂದನ್. ಒಪ್ಪಿಗೆಯ ಜೊತೆ ‘ಗಂಭೀರವಾಗಿದೆ, ಸುಂದರವಾಗಿದೆ’ ಎಂದೂ ಬರೆದಿದ್ದರು.

ಮಾನ್ಯರೇ, ರಘುನಂದನ್ ಎಂಬವರು ಇಲ್ಲ. ಅದೂ ನಾನೇ.

ಏಳು ತಿಂಗಳ ಹಳದಿ ಬಣ್ಣ ನೋಡಿ ನೋಡಿ ಸಾಕಾಗಿ, ಒಂದು ಮಧ್ಯಾಹ್ನ ಹೊಸ ಖಾತೆ ತೆರೆದು, ಒಂದು ಹೆಸರು ಕೊಟ್ಟು, ಒಂದು ಊರು ಕೊಟ್ಟು, ನನ್ನ ವಾಕ್ಯಗಳನ್ನು ನಾನೇ ಒಪ್ಪಿದೆ. ಮೊದಲ ದಿನ ಮೂರೇ ಮೂರು ಎಂದುಕೊಂಡಿದ್ದೆ. ಆಮೇಲೆ ಅವು ಇನ್ನೂರ ಹದಿನಾಲ್ಕಾದವು. ಕೆಲಸ ನಿಲ್ಲಬಾರದು ಎಂದು ಮಾಡಿದೆ, ಕನ್ನಡಕ್ಕಾಗಿ ಮಾಡಿದೆ ಎಂದು ಹೇಳಿಕೊಳ್ಳಬಹುದು. ಅರ್ಧ ನಿಜ ಅಷ್ಟೇ. ಕೆಲಸ ಮುಂದೆ ಹೋಗಲು ಬರೀ ಒಪ್ಪಿಗೆ ಸಾಕಾಗಿತ್ತು, ‘ನಿಮ್ಮ ತಾಳ್ಮೆಗೆ ವಂದನೆ’ ಎಂದು ಬರೆಯಬೇಕಾಗಿರಲಿಲ್ಲ. ಅದನ್ನು ನಾನು ಬರೆದುಕೊಂಡೆ, ಓದಿಕೊಂಡೆ, ಓದಿ ಸಂತೋಷವನ್ನೂ ಪಟ್ಟೆ. ಇನ್ನೊಂದು ಖಾತೆಗೆ ಹೋಗಿ ‘ಧನ್ಯವಾದ ಸರ್’ ಎಂದು ಉತ್ತರವನ್ನೂ ಕೊಟ್ಟೆ. ಇದನ್ನು ಬರೆಯಲು ನಾಚಿಕೆಯಾಗುತ್ತಿದೆ. ಆದರೆ ಇಡೀ ದಿನ ಯಾರೂ ನಿಮ್ಮ ಕೆಲಸ ನೋಡದಿದ್ದರೆ ಹೇಗಿರುತ್ತದೆ ಎಂಬುದು ದಿನಾ ಹತ್ತು ಜನ ಸಲಾಮು ಹೊಡೆಯುವ ನಿಮಗೆ ಹೇಗೆ ಗೊತ್ತಾಗಬೇಕು?

ರಘುನಂದನರಲ್ಲಿ ಇದ್ದ ಒಂದೇ ದೋಷವೆಂದರೆ ಅವರ ಬಳಿ ಇದ್ದದ್ದೂ ನನ್ನದೇ ಲ್ಯಾಪ್‌ಟಾಪು. ನನ್ನ ದೊಡ್ಡ ಪರದೆಯಲ್ಲಿ ಆ ವಾಕ್ಯ ಒಂದೇ ಸಾಲಿನಲ್ಲಿ ಹಾಯಾಗಿ ಕೂತಿತ್ತು, ಎರಡು ಬಟನ್ನೂ ಕಾಣುತ್ತಿದ್ದವು. ಚೈತನ್ಯ ಇದ್ದಿದ್ದರೆ ಗೋಡೆ ದಾಟಿತು ಎನ್ನುತ್ತಿದ್ದರು. ನಾನು ಸಿಟ್ಟು ಮಾಡಿಕೊಂಡು ‘ಈ ಪುಟ ನಿಮ್ಮ ಕ್ಯಾಮೆರಾ ಬಳಸಬಹುದೇ?’ ಎಂದು ಬದಲಿಸುತ್ತಿದ್ದೆ. ಈಗ ತಿದ್ದುಪಡಿಯಲ್ಲಿ ಬರೆದಿರುವುದು ಅದನ್ನೇ. ಜೊತೆಗೆ, ವಾಕ್ಯ ಎಷ್ಟೇ ಉದ್ದವಿದ್ದರೂ ಎರಡನೇ ಸಾಲಿಗೆ ಇಳಿಯುವಂತೆ ಇನ್ನೊಂದು ಸಾಲು ಸೇರಿಸಿದ್ದೇನೆ.

ಪುಟ್ಟಲಕ್ಷ್ಮಮ್ಮನವರಿಗೂ ಹೇಳಿದೆ. ಮನೆಗೆ ಹೋಗಿ, ಅವರ ಎದುರು ಕೂತು, ನಿಮ್ಮ ಬೆರಳು ಹೋಗಿದ್ದು ನನ್ನಿಂದ ಎಂದು ಮೊದಲಿಂದ ಕೊನೆಯವರೆಗೆ ಹೇಳಿದೆ. ಆಕೆ ಪೂರ್ತಿ ಕೇಳಿ ನಕ್ಕರು. “ನೀನು ಮನೇಲಿ ಕೂತ್ಕಂಡು ಏನೋ ಬರುದ್ರೆ ನನ್ನ ಬೆರಳ್ಯಾಕವ್ವ ಓಗ್ತದೆ? ನಿಂಗೆಲ್ಲೋ ಉಚ್ಚು. ಕಾಫಿ ಕುಡ್ಕಂಡು ಓಗು.” ಬೈದಿದ್ದರೆ ಚೆನ್ನಾಗಿತ್ತು. ನಾಲ್ಕು ಜನರ ಮುಂದೆ ಡೈರಿಯಲ್ಲೇ ನಿಲ್ಲಿಸಿ ಬೈದಿದ್ದರೂ ಆಗುತ್ತಿತ್ತು. ನಾನು ಮಾಡಿದ್ದೇನು ಎಂದು ತಿಳಿದು ನನ್ನ ಮೇಲೆ ಸಿಟ್ಟಾಗಬಲ್ಲ ಒಬ್ಬರೂ ಈ ಸುತ್ತಿನಲ್ಲಿಲ್ಲ. ಆ ದಿನ ಹತ್ತಿರದ ದಾರಿ ಬಿಟ್ಟು ಊರು ಸುತ್ತಿಕೊಂಡು ಮನೆಗೆ ಬಂದೆ.

ನೀವು ಈಗ ಕೇಳಬಹುದು, ತಿದ್ದುಪಡಿ ತಯಾರಿದ್ದರೆ ಆ ರಘುನಂದನ್ ಕೈಯಲ್ಲೇ ಒಪ್ಪಿಸಿ ಕಳಿಸಬಹುದಿತ್ತಲ್ಲ ಎಂದು. ಅರ್ಧ ನಿಮಿಷದ ಕೆಲಸ. ಐದು ತಿಂಗಳಲ್ಲಿ ಎಷ್ಟೋ ಸಲ ಆ ಬಟನ್ನಿನ ಮೇಲೆ ಬೆರಳಿಟ್ಟು ತೆಗೆದಿದ್ದೇನೆ. ಪ್ರತಿ ಗುರುವಾರ ಹತ್ತೂವರೆ ಆಗುತ್ತಿದ್ದ ಹಾಗೆ, ಈಗ ಎಲ್ಲೋ ಒಬ್ಬರು ಕಣ್ಣಿಲ್ಲದ ಕ್ಯಾಮೆರಾದ ಮುಂದೆ ಕೂತಿರುತ್ತಾರೆ ಎಂದು ಲ್ಯಾಪ್‌ಟಾಪು ತೆರೆದು ಕೂರುತ್ತೇನೆ. ಆದರೂ ಒತ್ತಲಿಲ್ಲ. ನನ್ನ ಕಣ್ಣಿಗೆ ಸರಿ ಕಂಡದ್ದು ಒಮ್ಮೆ ಏನು ಮಾಡಿತು ಎಂದು ನೋಡಿದ್ದೇನೆ. ಈ ತಿದ್ದುಪಡಿಯೂ ನನ್ನ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ನಿಮ್ಮ ಕೇಂದ್ರದ ಪರದೆಯಲ್ಲೂ ಹಾಕಿ ನೋಡೋಣ ಎಂದರೆ ಅದಕ್ಕೆ ನಿಮ್ಮ ಕಚೇರಿಯ ಅನುಮತಿ ಬೇಕು ಎಂದು ದಿಲೀಪ ಹೆದರುತ್ತಾನೆ. ಹೆದರುವುದು ನ್ಯಾಯವೇ.

ಹೆದರುತ್ತಲೇ ಅವನೊಂದು ಉಪಾಯ ಮಾಡಿದ. ಕಾಣದ ಬಟನ್ನನ್ನು ಕೀಬೋರ್ಡಿನಿಂದ ಒತ್ತಬಹುದು ಎಂದು ನಾನು ಹೇಳಿಕೊಟ್ಟಿದ್ದೆ. ಅವನು ಹೆಂಡತಿಯ ಹಣೆಬೊಟ್ಟಿನ ಪ್ಯಾಕೆಟ್ಟು ತಂದು ಐದೂ ಕೇಂದ್ರದ ಕೀಬೋರ್ಡಿಗೆ ಬೊಟ್ಟು ಅಂಟಿಸಿದ. ಕೆಂಪು ಬೊಟ್ಟಿನ ಕೀಲಿಯನ್ನು ಎರಡು ಸಲ ಒತ್ತುವುದು, ಆಮೇಲೆ ಹಸಿರು ಬೊಟ್ಟಿನದನ್ನು ಒಂದು ಸಲ. ಅಜ್ಜಿಯರೆಲ್ಲ ಎರಡೇ ದಿನದಲ್ಲಿ ಕಲಿತರು. ಆರು ಗುರುವಾರ ಐದು ಕೇಂದ್ರಗಳಲ್ಲಿ ಡಾಕ್ಟರಿಗೆ ಎಲ್ಲರೂ ಕಂಡರು. ಏಳನೇ ವಾರ ನಿಮ್ಮ ತಪಾಸಣಾ ತಂಡ ಬಂದು, ಸರ್ಕಾರಿ ಸ್ವತ್ತನ್ನು ವಿರೂಪಗೊಳಿಸಲಾಗಿದೆ ಎಂದು ಬೊಟ್ಟುಗಳನ್ನೆಲ್ಲ ಕಿತ್ತು ದಿಲೀಪನಿಗೆ ನೋಟಿಸು ಕೊಟ್ಟಿತು. ಪರದೆಯ ಮೇಲೆ ಬಟನ್ನು ಕಾಣದೆ ಇರುವುದನ್ನು ಐದು ತಿಂಗಳಾದರೂ ಗಮನಿಸದ ಕಚೇರಿಗೆ ಕೀಬೋರ್ಡಿನ ಮೇಲಿನ ಬೊಟ್ಟು ಅಷ್ಟು ಬೇಗ ಕಂಡದ್ದು ಹೇಗೆ ಎಂದು ನಾನು ಯೋಚಿಸಿದ್ದೇನೆ.

ಪತ್ರಗಳಿಗೆ ಉತ್ತರ ಬಾರದೆ ನಿಮ್ಮ ಕಚೇರಿಗೇ ಬಂದೆ. ಬೆಳಗಿನ ಹಾಲು ಮುಗಿಸಿ, ನಾಗಮಂಗಲ, ಪಾಂಡವಪುರ, ಶ್ರೀರಂಗಪಟ್ಟಣ ಎಂದು ಮೂರು ಬಸ್ಸು ಬದಲಾಯಿಸಿ. ನೀವು ಮೀಟಿಂಗಿನಲ್ಲಿದ್ದಿರಿ. ಗುಮಾಸ್ತರಾದ ನಂಜಪ್ಪನವರು ಒಳ್ಳೆಯವರು, ಕುರ್ಚಿ ಕೊಟ್ಟರು, ಫೈಲು ತೆಗೆದು ನೋಡಿದರು.

“ನೀವು ರಘುನಂದನ್ ಸಾರ್ ಅಸಿಸ್ಟೆಂಟ್ ಅಲ್ವೇನಮ್ಮ? ಅವರನ್ನೇ ಕಳಿಸ್ಬುಡಿ. ಸಾಹೇಬ್ರು ಅವ್ರ ಕೂಡೆ ಆದ್ರೆ ಮಾತಾಡ್ತಾರೆ.”

“ಅವರು ಬರಕ್ಕಾಗಲ್ಲ ಸಾರ್.”

“ಯಾಕೆ, ಊರಲ್ಲಿಲ್ವಾ?”

“ಎಲ್ಲೂ ಇಲ್ಲ ಸಾರ್.”

“ಅಂಗಾರೆ ಅವ್ರ ಫೋನ್ ನಂಬರಾದ್ರೂ ಕೊಟ್ಟೋಗಿ.”

ಅಲ್ಲೇ ನಿಜ ಹೇಳಿಬಿಡಬೇಕಾಗಿತ್ತು. ಸಾಯಂಕಾಲದ ಹಾಲಿಗೆ ಹೊತ್ತಾಗುತ್ತದೆ ಎಂದು ಎದ್ದು ಬಂದೆ. ಹದಿನೈದು ದಿನಕ್ಕೆ, ಈಗಾಗಲೇ ಇಬ್ಬರಿದ್ದಾರೆ ಎಂಬ ನಿಮ್ಮ ಉತ್ತರ ಬಂತು. ಅದರ ಹಿಂದೆಯೇ ಸುತ್ತೋಲೆ. ನನಗೆ ಸಹಾಯ ಸಿಗದಂತೆ ಅಡ್ಡ ನಿಂತದ್ದು ನಾನೇ ಹುಟ್ಟಿಸಿದ ಮನುಷ್ಯ. ಇದರಲ್ಲಿ ನಿಮ್ಮನ್ನು ಮಾತ್ರ ದೂರುವುದು ಸರಿಯಲ್ಲ ಎಂದು ಗೊತ್ತು. ಆದರೆ ಒಂದು ಪ್ರಶ್ನೆ ಕೇಳುವ ಹಕ್ಕು ನನಗಿದೆ. ನಾಲ್ಕು ತಾಲ್ಲೂಕಿನ ಕಂಪ್ಯೂಟರುಗಳು ನೆಚ್ಚಿಕೊಂಡಿರುವ ಕೆಲಸದಲ್ಲಿ ಇಬ್ಬರಿದ್ದಾರೆ ಎಂದು ನಂಬಿ ನೇತೃತ್ವವನ್ನೂ ಹಂಚಿಕೊಟ್ಟ ನಿಮ್ಮ ಕಚೇರಿ, ಒಮ್ಮೆಯಾದರೂ ಆ ಇಬ್ಬರನ್ನೂ ಕರೆದು, ಊಟ ಆಯಿತಾ ಎಂದು ಬೇಡ, ಕೆಲಸ ಹೇಗೆ ನಡೆದಿದೆ ಎಂದಾದರೂ ಯಾಕೆ ಕೇಳಲಿಲ್ಲ? ಕೇಳಿದ್ದರೆ ಅಂದೇ ಒಬ್ಬರೇ ಬರುತ್ತಿದ್ದರು.

ಇಂಗ್ಲಿಷಿನಲ್ಲಿ ತೊಂದರೆಯಿಲ್ಲ, ಎರಡು ಬಟನ್ನೂ ಕಾಣುತ್ತವೆ ಎನ್ನುತ್ತದೆ ನಿಮ್ಮ ಸುತ್ತೋಲೆ. ಕಾಣುತ್ತವೆ, ಒಪ್ಪಿದೆ. ಯಾವುದನ್ನು ಒತ್ತಬೇಕು ಎಂದು ಓದಿ ಹೇಳುವವರು ಯಾರು? ಗುರುವಾರ ದಿಲೀಪನಿಲ್ಲ. ಅಂಗಡಿಯವರಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷು ಬರುವುದಿಲ್ಲ. ಕಾಲು ಎತ್ತಿ ಹಿಡಿದು ಕೂತವರು ಅರ್ಧ ಪಾಲು ಸಲ ತಪ್ಪು ಬಟನ್ನನ್ನೇ ಒತ್ತಿಸಿಕೊಳ್ಳುತ್ತಾರೆ. ಆಗ ಅದು ಕನ್ನಡದ ತೊಂದರೆ ಎಂದು ಯಾವ ಕಡತದಲ್ಲೂ ಬರುವುದಿಲ್ಲ, ಅಷ್ಟೇ ವ್ಯತ್ಯಾಸ.

ಕಳೆದ ಸೋಮವಾರ ನಾನು ಬ್ರೌಸರಿನ ಕೆಲಸ ನಡೆಸುವವರಿಗೆ ಎಲ್ಲವನ್ನೂ ಬರೆದು ಒಪ್ಪಿಕೊಂಡೆ. ಅವರು ಯಾವ ದೇಶದವರೋ, ಮುಖ ಕಂಡವರಲ್ಲ. ಬುಧವಾರ ಉತ್ತರ ಬಂತು. ಬೈಗುಳ ಇರಲಿಲ್ಲ, ರಿಯಾಯಿತಿಯೂ ಇರಲಿಲ್ಲ. ರಘುನಂದನರ ಖಾತೆ ತೆಗೆದಿದ್ದಾರೆ. ಅವರು ಒಪ್ಪಿದ್ದ ಇನ್ನೂರ ಹದಿನಾಲ್ಕು ವಾಕ್ಯಗಳು ಮತ್ತೆ ಹಳದಿಯಾಗಿವೆ. ನನ್ನ ಖಾತೆಯನ್ನು ಉಳಿಸಿದ್ದಾರೆ, ನಿಜ ಹೇಳಿದ್ದಕ್ಕೆ. ಮುಂದಿನ ತಿಂಗಳ ಕೊನೆಯೊಳಗೆ ನಿಜವಾದ ಎರಡನೆಯವರು ಸೇರದಿದ್ದರೆ, ಬ್ರೌಸರಿನ ಹೊಸ ಆವೃತ್ತಿಯಿಂದ ಕನ್ನಡವನ್ನೇ ಕೈಬಿಡುತ್ತಾರೆ. ನಾಲ್ಕು ತಾಲ್ಲೂಕಿನಲ್ಲಿ ಮಾತ್ರವಲ್ಲ, ಎಲ್ಲ ಕಡೆಯೂ. ನಿಮ್ಮ ಸುತ್ತೋಲೆಗೆ ಆಮೇಲೆ ಕೆಲಸವಿರುವುದಿಲ್ಲ.

ಹೀಗಾಗಿ ನನ್ನ ಬೇಡಿಕೆ ಇಷ್ಟು. ಸುತ್ತೋಲೆಯನ್ನು ವಾಪಸು ತೆಗೆದುಕೊಳ್ಳಿ. ದಿಲೀಪನ ನೋಟಿಸನ್ನೂ. ನಾನು ಮಾಡಿದ್ದಕ್ಕೆ ನನ್ನ ಮೇಲೆ ಏನು ಕ್ರಮ ಬೇಕೋ ತೆಗೆದುಕೊಳ್ಳಿ, ಬಂದು ನಿಲ್ಲುತ್ತೇನೆ. ಆದರೆ ಅದಕ್ಕೂ ಮೊದಲು ಒಬ್ಬರನ್ನು ಕಳಿಸಿ. ಎಂಜಿನಿಯರು ಬೇಡ, ಪದವಿ ಬೇಡ. ಕನ್ನಡ ಓದಲು ಬಂದರೆ ಸಾಕು, ಉಸಿರಿರಬೇಕು. ನಂಜಪ್ಪನವರಾದರೂ ಆದೀತು. ನೀವೇ ಬಂದರೂ ಆದೀತು. ಬೆಳಿಗ್ಗೆ ಒಂಬತ್ತರ ಮೇಲೆ, ಸಾಯಂಕಾಲದ ಹಾಲಿನ ಹೊತ್ತಿನವರೆಗೆ, ಯಾವಾಗ ಬಂದರೂ ಮನೆಯಲ್ಲಿ ಇರುತ್ತೇನೆ.

ಬರುವವರಿಗೆ ಒಂದು ಮಾತು ಮೊದಲೇ ಹೇಳಿ ಕಳಿಸಿ. ಅವರು ನನ್ನನ್ನು ಹೊಗಳುವುದು ಬೇಡ. ಹೊಗಳಿಕೆಯನ್ನು ನಾನು ಎರಡು ವರ್ಷ ನನಗೇ ಬೇಕಾದಷ್ಟು ಬರೆದುಕೊಂಡಿದ್ದೇನೆ. ಅವರು ಪರದೆ ನೋಡಿ, ಯೋಚಿಸಿ, ಇದು ಸರಿಯಿಲ್ಲ ಕಣಮ್ಮ, ಬೇರೆ ಬರಿ ಎನ್ನಲಿ. ಆ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳಿ ನನಗೆ ಮೂರು ವರ್ಷವಾಯಿತು.

ಇಂತಿ,
ಕನ್ನಡ ಪ್ಯಾಕೇಜಿನ ಸಮಸ್ತ ಸದಸ್ಯರ ಪರವಾಗಿ ಮತ್ತು ಸಮಸ್ತ ಸದಸ್ಯರೂ ಆಗಿ,
ಶ್ವೇತ
ಹಾಲು ಪರೀಕ್ಷಕಿ, ಹೊಣಕೆರೆ ಹೋಬಳಿ